ಬೆಲೆ ಬಿದ್ದಿದೆಯೋ, ಕಂಪನಿ ಬಿದ್ದಿದೆಯೋ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಷೇರು ಮಾರುಕಟ್ಟೆಯ ಏರಿಳಿತದ ಬಗ್ಗೆಯೇ ಇವೆ. ದಾವಣಗೆರೆ, ಚಿತ್ರದುರ್ಗ ಕಡೆಯ ಕೆಲವು ಓದುಗರ ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಸುಮಾರು ಜನ ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದೇನೆ. ಕೊರೊನಾ ಆದಮೇಲೆ ಡಿಮ್ಯಾಟ್ ಖಾತೆ ತೆಗೆದು ಸ್ವಲ್ಪ ಸ್ವಲ್ಪ ಷೇರು ಕೊಂಡೆ. ಕಂಪನಿಗಳು ಚೆನ್ನಾಗಿವೆ ಎಂದು ಎಲ್ಲರೂ ಹೇಳುತ್ತಾರೆ, ಲಾಭವೂ ಬರುತ್ತಿದೆಯಂತೆ. ಆದರೂ ಬೆಲೆ ಮಾತ್ರ ಒಂದು ದಿನ ಮೇಲೆ, ಮೂರು ದಿನ ಕೆಳಗೆ. ಗಿರಾಕಿ ಮುಂದೆ ನಿಂತಿದ್ದರೂ ಮೊಬೈಲ್ ನೋಡುತ್ತಿರುತ್ತೇನೆ. ಕಂಪನಿ ಚೆನ್ನಾಗಿದ್ದರೆ ಬೆಲೆ ಯಾಕೆ ಬೀಳಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಒಂದು ನಂಬಿಕೆ ಇದೆ, ಮೊದಲು ಅದನ್ನು ನೋಡೋಣ. ಕಂಪನಿ ಹೇಗಿದೆಯೋ ಬೆಲೆಯೂ ದಿನಾ ಹಾಗೇ ಇರುತ್ತದೆ ಎಂದು ನೀವು ಅಂದುಕೊಂಡಿದ್ದೀರಿ. ಹಾಗೇನಿಲ್ಲ. ನಿಮ್ಮ ಮೊಬೈಲ್‌ನಲ್ಲಿ ಕಾಣುವ ಬೆಲೆ ಎಂದರೆ ಕೊನೆಯದಾಗಿ ಯಾರೋ ಒಬ್ಬರು ಮಾರಿ ಇನ್ನೊಬ್ಬರು ಕೊಂಡ ಬೆಲೆ, ಅಷ್ಟೇ. ದೊಡ್ಡ ಕಂಪನಿಯ ನೂರು ಷೇರಿದ್ದರೆ ಅವತ್ತು ಕೈ ಬದಲಾಗುವುದು ಸಾಮಾನ್ಯವಾಗಿ ಒಂದು ಕೂಡ ಇರುವುದಿಲ್ಲ. ಉಳಿದವರು ಸುಮ್ನೆ ಕೂತಿರುತ್ತಾರೆ. ಆದರೆ ಮಾರಿದ ಆ ಕೆಲವರು ಒಪ್ಪಿಕೊಂಡ ಬೆಲೆಯೇ ಎಲ್ಲರ ಷೇರಿಗೂ ಲೆಕ್ಕಕ್ಕೆ ಬರುತ್ತದೆ.

ಆ ಕೆಲವರು ಯಾಕೆ ಮಾರಿದರು? ಕಂಪನಿ ಕೆಟ್ಟಿದೆ ಎಂದೇ ಮಾರಬೇಕಿಲ್ಲ. ಬ್ರೋಕರ್ ಹತ್ತಿರ ಸಾಲ ಮಾಡಿ ಷೇರು ಕೊಂಡವನಿಗೆ ಬೆಲೆ ಇಳಿದಾಗ ಇನ್ನಷ್ಟು ದುಡ್ಡು ಕಟ್ಟು ಎಂದು ಕರೆ ಬರುತ್ತದೆ, ಕಟ್ಟದಿದ್ದರೆ ಬ್ರೋಕರೇ ಅವನ ಷೇರು ಮಾರಿಬಿಡುತ್ತಾನೆ. ಮ್ಯೂಚುವಲ್ ಫಂಡ್‌ನಿಂದ ಜನ ಹಣ ವಾಪಸ್ ಕೇಳಿದರೆ ಫಂಡ್ ನೋಡಿಕೊಳ್ಳುವವರು ತಮಗೆ ಇಷ್ಟವಿರುವ ಷೇರನ್ನೂ ಮಾರಬೇಕಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ವಿದೇಶಿ ಹೂಡಿಕೆದಾರರು ಹೆಚ್ಚುಕಡಿಮೆ ಒಂದು ಲಕ್ಷ ಕೋಟಿ ರೂಪಾಯಿಯಷ್ಟು ಷೇರು ಮಾರಿದರು. ಚೀನಾದಲ್ಲಿ ಅಗ್ಗವಾಗಿ ಸಿಗುತ್ತಿದೆ, ಅಲ್ಲಿಗೆ ಹೋಗೋಣ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ನೀವು ಷೇರು ಇಟ್ಟುಕೊಂಡಿರುವ ಕಂಪನಿಯ ಕಾರ್ಖಾನೆಗೂ ಅದಕ್ಕೂ ಏನೂ ಸಂಬಂಧವಿಲ್ಲ, ಆದರೂ ಬೆಲೆ ಇಳಿಯಿತು. 2024ರ ಸೆಪ್ಟೆಂಬರ್ 27ರಂದು 26,277 ಮುಟ್ಟಿದ್ದ ನಿಫ್ಟಿ (ಎನ್‌ಎಸ್‌ಇ ಷೇರುಪೇಟೆಯ 50 ದೊಡ್ಡ ಕಂಪನಿಗಳ ಸೂಚ್ಯಂಕ) 2025ರ ಮಾರ್ಚ್ ಮೊದಲ ವಾರದಲ್ಲಿ 22,000ಕ್ಕಿಂತ ಕೆಳಗೆ ಇಣುಕಿ ಬಂತು. ಸುಮಾರು 16 ಪರ್ಸೆಂಟ್ ಇಳಿತ. ಒಂದು ಮಾತು ಸೇರಿಸಬೇಕು, ಆ ಸಲ ಬರೀ ಮೂಡ್ ಕೆಟ್ಟಿದ್ದಲ್ಲ. ಕಂಪನಿಗಳ ಲಾಭದ ಬೆಳವಣಿಗೆಯೂ ಮಂಕಾಗಿತ್ತು, ಬೆಲೆಯೂ ಮೊದಲೇ ಜಾಸ್ತಿ ಇತ್ತು.

ಬರೀ ಮೂಡ್ ಹೇಗಿರುತ್ತದೆ ಎಂದು ನೋಡಬೇಕಾದರೆ 2024ರ ಜೂನ್ ಮೊದಲ ವಾರ ನೆನಪಿಸಿಕೊಳ್ಳಿ. ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆ ನೋಡಿ ಜೂನ್ 3ರಂದು ಸೆನ್ಸೆಕ್ಸ್ (ಬಿಎಸ್‌ಇ ಷೇರುಪೇಟೆಯ 30 ದೊಡ್ಡ ಕಂಪನಿಗಳ ಸೂಚ್ಯಂಕ) 2,507 ಅಂಕ ಜಿಗಿದು 76,469ಕ್ಕೆ ನಿಂತಿತು. ಮಾರನೇ ದಿನ ಎಣಿಕೆ ಶುರುವಾಗಿ ಫಲಿತಾಂಶ ಬೇರೆ ಥರ ಬರತೊಡಗಿತು, ದಿನ ಮುಗಿಯುವ ಹೊತ್ತಿಗೆ 4,390 ಅಂಕ ಕುಸಿದು 72,079. ಜೂನ್ 5ಕ್ಕೆ ಮತ್ತೆ 2,303 ಮೇಲೆ. ಶುಕ್ರವಾರ, ಜೂನ್ 7ಕ್ಕೆ 76,693, ಅಂದರೆ ಸೋಮವಾರ ಎಲ್ಲಿತ್ತೋ ಅದಕ್ಕಿಂತಲೂ ಸ್ವಲ್ಪ ಜಾಸ್ತಿ. ಈ ಐದು ದಿನದಲ್ಲಿ ಸಿಮೆಂಟ್ ಮಾಡುವವರು ಸಿಮೆಂಟ್ ಮಾಡಿದರು, ಸೋಪು ಮಾರುವವರು ಸೋಪು ಮಾರಿದರು. ಮಂಗಳವಾರ ಮಧ್ಯಾಹ್ನ ಹೆದರಿ ಮಾರಿದವರ ದುಡ್ಡು ಮಾತ್ರ ಹೋಯಿತು.

ಅಮೆರಿಕದ ಬೆಂಜಮಿನ್ ಗ್ರಹಾಂ 1949ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ದೊಡ್ಡ ಹೂಡಿಕೆದಾರ ವಾರೆನ್ ಬಫೆಟ್‌ಗೆ ಪಾಠ ಹೇಳಿದ ಮೇಷ್ಟ್ರು ಅವರು. ಮಾರುಕಟ್ಟೆ ಎಂದರೆ ವ್ಯಾಪಾರದಲ್ಲಿ ನಿಮ್ಮ ಪಾಲುದಾರ ಎಂದುಕೊಳ್ಳಿ ಎನ್ನುತ್ತಾರೆ. ಅವನು ದಿನಾ ಬೆಳಗ್ಗೆ ಬಂದು ಒಂದು ಬೆಲೆ ಹೇಳುತ್ತಾನೆ. ನಿಮ್ಮ ಪಾಲು ಕೊಟ್ಟರೂ ತಗೊಳ್ತಾನೆ, ಅವನ ಪಾಲು ಬೇಕೆಂದರೂ ಕೊಡ್ತಾನೆ. ಒಂದು ದಿನ ಕುಣಿಯುತ್ತಾ ಬರುತ್ತಾನೆ, ಇನ್ನೊಂದು ದಿನ ಅಳುತ್ತಾ ಬರುತ್ತಾನೆ. ನೀವು ಒಪ್ಪಲೇಬೇಕೆಂದಿಲ್ಲ, ಬೇಡ ಅಂದರೆ ಬೇಜಾರೂ ಮಾಡಿಕೊಳ್ಳುವುದಿಲ್ಲ, ನಾಳೆ ಮತ್ತೆ ಬರುತ್ತಾನೆ. ಇದರಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ಆ ಬೇಡ ಅನ್ನುವ ಸ್ವಾತಂತ್ರ್ಯ. ಸಾಲ ಮಾಡಿ ಷೇರು ಕೊಂಡವರಿಗೆ ಅದು ಇರುವುದಿಲ್ಲ. ಆರು ತಿಂಗಳಲ್ಲಿ ಬೇಕಾಗುವ ದುಡ್ಡನ್ನು ಹಾಕಿದವರಿಗೂ ಇರುವುದಿಲ್ಲ. ನೀವು ಅಂಗಡಿಗೆ ಮಾಲು ತರಿಸುವ ದುಡ್ಡನ್ನು ಹಾಕಿದ್ದೀರಾ? ಪತ್ರದಲ್ಲಿ ಅದನ್ನು ಬರೆದಿಲ್ಲ. ಹಾಕಿದ್ದರೆ ಅಷ್ಟನ್ನು ಮೊದಲು ಹೊರಗೆ ತೆಗೆಯಿರಿ, ಸ್ವಲ್ಪ ನಷ್ಟವಾದರೂ ಪರವಾಗಿಲ್ಲ.

ಆಮೇಲೆ ಒಂದು ನೋಟ್‌ಬುಕ್ ತಗೊಳ್ಳಿ. ಒಂದೊಂದು ಕಂಪನಿಗೆ ಒಂದು ಪುಟ. ಹೀಗೆ ಬರೆಯಿರಿ: "ಯಾಕೆ ಕೊಂಡೆ? ಸಾಲ ಕಡಿಮೆ, ಐದು ವರ್ಷದಿಂದ ಲಾಭ ಏರಿದೆ, ಆ ಲಾಭ ನಗದಾಗಿ ಬರುತ್ತಿದೆ. ಎಷ್ಟು ಬೆಲೆ ಸರಿ ಅನಿಸುತ್ತದೆ? ಏನಾದರೆ ಮಾರುತ್ತೇನೆ? ಪ್ರವರ್ತಕರು (ಕಂಪನಿ ಕಟ್ಟಿ ನಡೆಸುವವರು) ತಮ್ಮ ಷೇರು ಅಡ ಇಟ್ಟರೆ, ಸಾಲ ಏಕಾಏಕಿ ಏರಿದರೆ, ಎರಡು ವರ್ಷ ಸತತ ಲಾಭ ಇಳಿದರೆ." ಬೆಲೆ ಬಿದ್ದ ದಿನ ಮೊಬೈಲ್ ಬಿಟ್ಟು ಆ ಪುಟ ತೆಗೆಯಿರಿ. ಬರೆದಿದ್ದರಲ್ಲಿ ಯಾವುದಾದರೂ ಬದಲಾಗಿದೆಯಾ ನೋಡಿ. ಬರೆಯುವುದಕ್ಕೆ ಏನೂ ತೋಚದ ಕಂಪನಿ ಇದ್ದರೆ, ಅದನ್ನು ಯಾರೋ ಹೇಳಿದರು ಎಂದು ಕೊಂಡಿದ್ದೀರಿ. ನಿದ್ದೆ ಕೆಡಿಸುತ್ತಿರುವುದು ಬಹುಶಃ ಅದೇ.

ಪ್ರಶ್ನೆ: ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಷೇರಿನ ಬೆಲೆಗಿಂತ ಮೌಲ್ಯ ನೋಡಿ ಅಂತೀರಿ. ಬೆಲೆ ಕಣ್ಣಿಗೆ ಕಾಣುತ್ತೆ, ಮೌಲ್ಯ ಎಲ್ಲಿ ಕಾಣುತ್ತೆ? ಲೆಕ್ಕ ಹಾಕಿ ತೋರಿಸಿ.

ಉತ್ತರ: ನಿಮಗೆ ಈ ಲೆಕ್ಕ ಈಗಾಗಲೇ ಗೊತ್ತಿದೆ. ಪಕ್ಕದ ತೋಟ ಮಾರಾಟಕ್ಕೆ ಬಂದರೆ ನೀವು ಅವತ್ತಿನ ರಾಶಿ ಅಡಿಕೆ ದರ ಒಂದನ್ನೇ ನೋಡಿ ಬೆಲೆ ಕಟ್ಟುತ್ತೀರಾ? ಇಲ್ಲ. ಕೊಳವೆಬಾವಿಯಲ್ಲಿ ಎಷ್ಟು ನೀರಿದೆ, ಭದ್ರಾ ನಾಲೆ ನೀರು ಸಿಗುತ್ತಾ, ಗಿಡಕ್ಕೆ ಎಷ್ಟು ವರ್ಷ, ಹಿಡಿಮುಂಡಿಗೆ ರೋಗ ಇದೆಯಾ, ಎಕರೆಗೆ ಎಷ್ಟು ಕ್ವಿಂಟಲ್ ಬಂದಿದೆ, ಕೊಯ್ಲಿಗೆ, ಗೊಬ್ಬರಕ್ಕೆ ಎಷ್ಟು ಖರ್ಚು ಎಂದೆಲ್ಲ ನೋಡುತ್ತೀರಿ. ಮಂಡಿಯಲ್ಲಿ ಕ್ವಿಂಟಲ್‌ಗೆ ಎರಡು ಸಾವಿರ ಇಳಿಯಿತು ಎಂದು ಯಾರೂ ತೋಟ ಮಾರುವುದಿಲ್ಲ. ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರು ಹಾಕುವ ಹಾಗಾದರೆ ಮಾತ್ರ ತೋಟದ ಲೆಕ್ಕವೇ ಬದಲಾಗುತ್ತದೆ. ಕಂಪನಿಗೂ ಇಷ್ಟೇ.

ಈಗ ಅಂಕಿ. ಇದು ನಾನು ಕಲ್ಪಿಸಿಕೊಂಡ ಕಂಪನಿ. ಷೇರಿನ ಬೆಲೆ 400 ರೂಪಾಯಿ, ಒಂದು ಷೇರಿಗೆ ವರ್ಷದ ಲಾಭ 20 ರೂಪಾಯಿ. ಬೆಲೆಯನ್ನು ಲಾಭದಿಂದ ಭಾಗಿಸಿದರೆ 20. ಇದನ್ನೇ ಪಿಇ ಅನ್ನುವುದು. ತಿರುಗಿಸಿ ನೋಡಿದರೆ, ನೀವು ಕೊಟ್ಟ 400ಕ್ಕೆ ಕಂಪನಿ ದುಡಿಯುತ್ತಿರುವುದು ನೂರಕ್ಕೆ 5. ಬ್ಯಾಂಕ್ ಎಫ್‌ಡಿಯಲ್ಲಿ 7 ಸಿಗುತ್ತದೆ ಎಂದಿಟ್ಟುಕೊಳ್ಳಿ. ಹಾಗಿದ್ದರೂ ಷೇರು ಕೊಳ್ಳುತ್ತೇವೆ, ಯಾಕೆಂದರೆ ಲಾಭ ಬೆಳೆಯುತ್ತದೆ ಎಂಬ ನಂಬಿಕೆ. ಲಾಭ ವರ್ಷಕ್ಕೆ 12 ಪರ್ಸೆಂಟ್ ಬೆಳೆದರೆ ಆರು ವರ್ಷಕ್ಕೆ ಹೆಚ್ಚುಕಡಿಮೆ ಎರಡರಷ್ಟು, ಅಂದರೆ ಷೇರಿಗೆ 40 ರೂಪಾಯಿ. ಆಗ ಮಾರುಕಟ್ಟೆಗೆ ಉತ್ಸಾಹವಿಲ್ಲದೆ ಪಿಇ 15 ಮಾತ್ರ ಕೊಟ್ಟಿತು ಎಂದುಕೊಳ್ಳೋಣ. ಬೆಲೆ 600. 400 ಹಾಕಿದ್ದು ಆರು ವರ್ಷಕ್ಕೆ 600 ಆದರೆ ವರ್ಷಕ್ಕೆ 7 ಪರ್ಸೆಂಟ್ ಬಿದ್ದ ಹಾಗೆ. ಕಂಪನಿ ಲಾಭದಲ್ಲಿ ಹಂಚುವ ಡಿವಿಡೆಂಡ್ ಬಿಟ್ಟರೆ ಎಫ್‌ಡಿಯಷ್ಟೇ ಬಂತು. ಇಷ್ಟೆಲ್ಲ ತಲೆಬಿಸಿ ಯಾಕೆ ಬೇಕಿತ್ತು, ಅಲ್ವಾ?

ಈಗ ಅದೇ ಕಂಪನಿ. ಲಾಭ ಅಷ್ಟೇ ಇದೆ, ಮಾರುಕಟ್ಟೆಯ ಮೂಡ್ ಕೆಟ್ಟು ಬೆಲೆ 280ಕ್ಕೆ ಬಂದಿದೆ. 280 ಕೊಟ್ಟವರಿಗೆ ಆರು ವರ್ಷದ ಮೇಲೆ ಅದೇ 600 ಸಿಕ್ಕರೆ ವರ್ಷಕ್ಕೆ ಸುಮಾರು 13.5 ಪರ್ಸೆಂಟ್. ಇನ್ನೂ ಮುಖ್ಯವಾದ್ದು ಇಲ್ಲಿದೆ. ನಿಮ್ಮ ಲೆಕ್ಕ ತಪ್ಪಿತು, ಲಾಭ 12ರ ಬದಲು ವರ್ಷಕ್ಕೆ 6 ಪರ್ಸೆಂಟ್ ಮಾತ್ರ ಬೆಳೆಯಿತು ಎಂದಿಟ್ಟುಕೊಳ್ಳಿ. ಆರು ವರ್ಷದ ಮೇಲೆ ಷೇರಿಗೆ 28 ರೂಪಾಯಿ ಚಿಲ್ಲರೆ ಲಾಭ, ಪಿಇ 15 ಹಿಡಿದರೆ ಬೆಲೆ ಸುಮಾರು 425. 400ಕ್ಕೆ ಕೊಂಡವರಿಗೆ ವರ್ಷಕ್ಕೆ ಒಂದೇ ಪರ್ಸೆಂಟ್. 280ಕ್ಕೆ ಕೊಂಡವರಿಗೆ ಆಗಲೂ 7ರ ಆಸುಪಾಸು. ಊಹೆ ಅರ್ಧಕ್ಕರ್ಧ ತಪ್ಪಿದರೂ ಅಸಲು ಉಳಿಯಿತು. ಗ್ರಹಾಂ ಸುರಕ್ಷತೆಯ ಅಂತರ ಎನ್ನುವುದು ಇದಕ್ಕೇ, ನಾನು ಇದನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಮೌಲ್ಯ ಯಾವತ್ತೂ ಪೈಸೆ ಲೆಕ್ಕದಲ್ಲಿ ಸಿಗುವುದಿಲ್ಲ. ಸುಮಾರು ಇಷ್ಟರಿಂದ ಇಷ್ಟು ಎಂದು ಗೊತ್ತಾದರೆ ಸಾಕು, ಅದಕ್ಕಿಂತ ಸಾಕಷ್ಟು ಕೆಳಗೆ ಕೊಂಡರೆ ಆಯಿತು. ಮಾರುಕಟ್ಟೆಯ ಸಿಡುಕು ನಮಗೆ ಉಪಯೋಗಕ್ಕೆ ಬರುವುದು ಇಲ್ಲೇ. ಮೂಡ್ ಯಾವಾಗಲೂ ಚೆನ್ನಾಗಿದ್ದರೆ ಆ 280 ನಮಗೆ ಸಿಗುವುದೇ ಇಲ್ಲ.

ಪ್ರಶ್ನೆ: ಚಿತ್ರದುರ್ಗದ ನಿವೃತ್ತ ಶಿಕ್ಷಕ. ನನ್ನ ಹತ್ತಿರ ಇರುವ ಒಂದು ಷೇರು ನೂರಕ್ಕೆ ಅರವತ್ತು ಬಿದ್ದಿದೆ. ಬಿದ್ದಾಗ ಕೊಳ್ಳಬೇಕು ಎಂದು ನೀವೇ ಬರೆದಿದ್ದಿರಿ. ಇನ್ನಷ್ಟು ಕೊಂಡು ಸರಾಸರಿ ಬೆಲೆ ಇಳಿಸಿಕೊಳ್ಳಲೇ?

ಉತ್ತರ: ಮೇಷ್ಟ್ರೇ, ದಯವಿಟ್ಟು ಸ್ವಲ್ಪ ತಡೆಯಿರಿ. ಬಿದ್ದದ್ದೆಲ್ಲ ಅಗ್ಗ ಅಲ್ಲ. ಅರವತ್ತು ಬಿದ್ದದ್ದು ಮೊದಲಿನ ಬೆಲೆಗೆ ಬರಬೇಕಾದರೆ ಅಲ್ಲಿಂದ 150 ಪರ್ಸೆಂಟ್ ಏರಬೇಕು. ಕೊಳ್ಳುವ ಮೊದಲು ಇದು ಮಾರುಕಟ್ಟೆಯ ಸಿಡುಕೋ, ಕಂಪನಿಯ ಒಳಗಿನ ನಿಜವೋ ಎಂದು ತಿಳಿಯಬೇಕು.

ಎರಡು ಹಳೆಯ ಘಟನೆ ಹೇಳುತ್ತೇನೆ. 2003ರ ಏಪ್ರಿಲ್ 10ರಂದು ಇನ್ಫೊಸಿಸ್ ಷೇರು ಒಂದೇ ದಿನದಲ್ಲಿ ಕಾಲು ಭಾಗದಷ್ಟು ಕುಸಿಯಿತು. ಮುಂದಿನ ವರ್ಷದ ಬೆಳವಣಿಗೆ ಜನ ಅಂದುಕೊಂಡಷ್ಟು ಇರುವುದಿಲ್ಲ ಎಂದು ಕಂಪನಿಯೇ ಹೇಳಿತ್ತು. ಹೇಳಿದ್ದು ಕಡಿಮೆ ಬೆಳೆಯುತ್ತೇವೆ ಎಂದು, ಮುಳುಗುತ್ತೇವೆ ಎಂದಲ್ಲ. ಗಿರಾಕಿಗಳು ಇದ್ದರು, ಸಾಲದ ಹೊರೆ ಇರಲಿಲ್ಲ. ಆಮೇಲಿನ ಒಂದು ವರ್ಷದಲ್ಲಿ ಅದರ ವಾರ್ಷಿಕ ಆದಾಯ ಮೊದಲ ಬಾರಿಗೆ 100 ಕೋಟಿ ಡಾಲರ್ ದಾಟಿತು. ಇನ್ನೊಂದು, 2009ರ ಜನವರಿ 7. ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕಪತ್ರದಲ್ಲಿ ಸುಳ್ಳು ಬರೆದಿದ್ದೇವೆ ಎಂದು ತಾವೇ ಪತ್ರ ಬರೆದು ಒಪ್ಪಿಕೊಂಡ ದಿನ. ಪುಸ್ತಕದಲ್ಲಿ ತೋರಿಸಿದ್ದ ಐದು ಸಾವಿರ ಕೋಟಿಗೂ ಹೆಚ್ಚು ನಗದು ನಿಜವಾಗಿ ಇರಲೇ ಇಲ್ಲ. ಷೇರು ಅವತ್ತೇ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬಿತ್ತು. ಎರಡೂ ಸಾಫ್ಟ್‌ವೇರ್ ಕಂಪನಿಗಳು. ಬೆಲೆಯ ಗೆರೆ ಮಾತ್ರ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಗೆರೆಯಲ್ಲಿ ಉತ್ತರ ಇಲ್ಲ, ಕಾರಣದಲ್ಲಿ ಇದೆ.

ಕಾರಣ ಹುಡುಕುವುದು ಹೇಗೆ? ಬಿಎಸ್‌ಇ, ಎನ್‌ಎಸ್‌ಇ ಎರಡರ ಜಾಲತಾಣದಲ್ಲೂ ಕಂಪನಿಯ ಹೆಸರು ಹಾಕಿದರೆ ಅದು ಸಲ್ಲಿಸಿದ ಎಲ್ಲ ಕಾಗದಪತ್ರ ಪುಕ್ಕಟೆ ಸಿಗುತ್ತವೆ. ಮೊದಲು ಲಾಭವನ್ನೂ ವ್ಯವಹಾರದಿಂದ ಬಂದ ನಗದನ್ನೂ ಪಕ್ಕಪಕ್ಕ ಇಟ್ಟು ನೋಡಿ. ವರ್ಷ ವರ್ಷವೂ ಲಾಭ ತೋರಿಸಿ ನಗದು ಮಾತ್ರ ಬರುತ್ತಿಲ್ಲ ಎಂದರೆ ಹುಷಾರು. ಷೇರುದಾರರ ವಿವರದಲ್ಲಿ ಪ್ರವರ್ತಕರು ಎಷ್ಟು ಷೇರು ಅಡ ಇಟ್ಟಿದ್ದಾರೆ ಎಂದು ಮೂರು ತಿಂಗಳಿಗೊಮ್ಮೆ ಬರುತ್ತದೆ, ಅದು ಏರುತ್ತಿದೆಯಾ ನೋಡಿ. ಲೆಕ್ಕಪರಿಶೋಧಕರು ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟಿದ್ದರೆ ನಾನಂತೂ ಆ ಷೇರಿನ ಹತ್ತಿರ ಹೋಗುವುದಿಲ್ಲ. ಅದೇ ಉದ್ಯಮದ ಬೇರೆ ಕಂಪನಿಗಳೂ ಇಷ್ಟೇ ಬಿದ್ದಿವೆಯಾ? ನಿಮ್ಮದೊಂದೇ ಬಿದ್ದಿದ್ದರೆ ಯಾರಿಗೋ ಏನೋ ಗೊತ್ತಿದೆ ಎಂದು ಅನುಮಾನ ಪಡಬೇಕು.

ನೀವು ಪಿಂಚಣಿಯಲ್ಲಿ ಇರುವವರು, ಅದಕ್ಕೇ ಒಂದು ಮಾತು ಸೇರಿಸುತ್ತೇನೆ. ಸರಾಸರಿ ಇಳಿಸುವುದು ಎಂದರೆ ಅದೇ ಕಂಪನಿಗೆ ಇನ್ನಷ್ಟು ದುಡ್ಡು ಹಾಕುವುದು. ಇವತ್ತು ಆ ಷೇರು ನಿಮ್ಮ ಹತ್ತಿರ ಒಂದೂ ಇಲ್ಲದಿದ್ದರೆ ಈ ಬೆಲೆಗೆ ಹೊಸದಾಗಿ ಕೊಳ್ಳುತ್ತಿದ್ದಿರಾ? ಇಲ್ಲ ಎಂದಾದರೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಪ್ರಶ್ನೆ: ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಮಾರುಕಟ್ಟೆಯ ಭಯ ಅಳೆಯಲು ಇಂಡಿಯಾ ವಿಕ್ಸ್ ಇದೆ. ಅದನ್ನು ನೋಡಿಕೊಂಡು ಆಪ್ಷನ್ಸ್ ಮಾಡಿದರೆ ಮೂಡ್‌ನಿಂದಲೇ ದುಡಿಯಬಹುದಲ್ವಾ?

ಉತ್ತರ: ಬೇಡಪ್ಪ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನ ಓದು. ಮೂರು ಹಣಕಾಸು ವರ್ಷಗಳಲ್ಲಿ, ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದಿನ ಒಂದು ದಿನಕ್ಕೆ ಬೆಲೆ ಹೇಗಿರುತ್ತದೆ ಎಂಬುದರ ಮೇಲೆ ಮಾಡಿಕೊಳ್ಳುವ ಒಪ್ಪಂದ) ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ದುಡ್ಡು ಕಳೆದುಕೊಂಡಿದ್ದಾರೆ. ಎಲ್ಲ ಸೇರಿ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ವಿಕ್ಸ್ ಎಂದರೆ ನಿಫ್ಟಿ ಆಪ್ಷನ್ಸ್ ಬೆಲೆಯಿಂದ ಲೆಕ್ಕ ಹಾಕಿದ್ದು, ಮುಂದಿನ 30 ದಿನದಲ್ಲಿ ಎಷ್ಟು ಅಲುಗಾಟ ಇರಬಹುದು ಎಂಬ ನಿರೀಕ್ಷೆ. ಯಾವ ಕಡೆಗೆ ಎಂದು ಅದು ಹೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಅದು 80 ದಾಟಿತ್ತು, ಆ ಸಮಯದಲ್ಲಿ ಷೇರು ಕೊಂಡು ಸುಮ್ನೆ ಇದ್ದವರಿಗೆ ಲಾಭವಾಯಿತು. ಆಪ್ಷನ್ಸ್‌ನಲ್ಲಿ ಸುಮ್ನೆ ಇರುವ ಅವಕಾಶವೇ ಇಲ್ಲ, ಅವಧಿ ಮುಗಿದರೆ ಆಟ ಮುಗಿಯಿತು. ನಿನ್ನ ಅಂದಾಜು ಸರಿಯಾಗಿದ್ದು ಎರಡು ವಾರ ತಡವಾಗಿ ನಿಜವಾದರೂ ದುಡ್ಡು ಹೋಗಿರುತ್ತದೆ. ಓದುವ ವಯಸ್ಸು, ಕಂಪನಿಗಳ ವಾರ್ಷಿಕ ವರದಿ ಓದುವುದನ್ನು ಈಗಲೇ ಕಲಿ.

ಪ್ರಶ್ನೆ: ಹರಿಹರದಿಂದ, ಬ್ಯಾಂಕ್ ಉದ್ಯೋಗಿ. ಬಿದ್ದಾಗ ಏನು ಮಾಡಬೇಕೆಂದು ಎಲ್ಲರೂ ಹೇಳ್ತಾರೆ. ಎಲ್ಲರೂ ಖುಷಿಯಲ್ಲಿರುವಾಗ ಏನು ಮಾಡಬೇಕು? ಆಗ ಮಾರಿಬಿಡಬೇಕಾ?

ಉತ್ತರ: ಮೇಡಂ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ, ಇದೇ ಜಾಸ್ತಿ ಕಷ್ಟ. 2008ರ ಜನವರಿಯಲ್ಲಿ ನಿಫ್ಟಿಯ ಪಿಇ ಸುಮಾರು 28 ಇತ್ತು, ಸೆನ್ಸೆಕ್ಸ್ 21,000 ದಾಟಿತ್ತು. ಅದೇ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೆ ಹೋಯಿತು. ಮತ್ತೆ 21,000 ಮುಟ್ಟಿದ್ದು 2010ರ ನವೆಂಬರ್‌ನಲ್ಲಿ. ಖುಷಿಯಲ್ಲಿ ಕೊಂಡವರು ಅಷ್ಟು ದಿನ ಕಾಯಬೇಕಾಯಿತು. ಅದೂ ಸೂಚ್ಯಂಕದ ಮಾತು, ಆ ಕಾಲದ ಎಷ್ಟೋ ರಿಯಲ್ ಎಸ್ಟೇಟ್ ಷೇರುಗಳು ಹಳೆಯ ಬೆಲೆಯನ್ನು ವರ್ಷಗಟ್ಟಲೆ ನೋಡಲಿಲ್ಲ.

ಹಾಗೆಂದು ಏರಿದ ಕೂಡಲೇ ಎಲ್ಲವನ್ನೂ ಮಾರಿ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಕಂಪನಿ ಸ್ವಲ್ಪ ದುಬಾರಿಯಾದರೆ ಇಟ್ಟುಕೊಳ್ಳುತ್ತೇನೆ, ಹೊಸದಾಗಿ ಕೊಳ್ಳುವುದನ್ನು ಮಾತ್ರ ನಿಲ್ಲಿಸುತ್ತೇನೆ. ಮಾರಿದರೆ ತೆರಿಗೆಯೂ ಇದೆ. 2024ರ ಜುಲೈ 23ರಿಂದ, ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಷೇರಿನ ಲಾಭ 1.25 ಲಕ್ಷ ದಾಟಿದ ಮೇಲೆ 12.5 ಪರ್ಸೆಂಟ್, ವರ್ಷದೊಳಗೆ ಮಾರಿದರೆ 20 ಪರ್ಸೆಂಟ್. ಮಾರಬೇಕಾದ್ದು ಯಾವಾಗ ಎಂದರೆ, ಇನ್ನು ಹತ್ತು ವರ್ಷ ಎಲ್ಲವೂ ಚೆನ್ನಾಗಿಯೇ ನಡೆದರೂ ಎಫ್‌ಡಿಯಷ್ಟು ಸಿಗುವುದಿಲ್ಲ ಅನಿಸುವಷ್ಟು ಬೆಲೆ ಏರಿದಾಗ. ಮೇಲೆ ಅಡಿಕೆ ಬೆಳೆಗಾರರಿಗೆ ತೋರಿಸಿದ ಲೆಕ್ಕವನ್ನೇ ನಿಮ್ಮ ಷೇರಿಗೂ ಹಾಕಿ ನೋಡಿ. ಒಂದೇ ಸಲ ಬೇಡ, ಮೂರು ನಾಲ್ಕು ಕಂತಿನಲ್ಲಿ ಮಾರಿ. ನಾಳೆ ಇನ್ನೂ ಏರಿದರೆ ಎಂಬ ಆಸೆಗೂ ಸ್ವಲ್ಪ ಉಳಿದಿರುತ್ತದೆ.

ಪ್ರಶ್ನೆ: ದಿನಕ್ಕೆ ಎಷ್ಟು ಸಲ ಬೆಲೆ ನೋಡಬೇಕು? — ಚಳ್ಳಕೆರೆಯ ಓದುಗರು

ಉತ್ತರ: ನೋಡಲೇಬೇಕಿಲ್ಲ. ತ್ರೈಮಾಸಿಕ ಫಲಿತಾಂಶ ಬಂದಾಗ ಕಂಪನಿಯನ್ನು ನೋಡಿ. ಬೇಕಾದ ಬೆಲೆಗೆ ಬಂದಾಗ ತಿಳಿಸುವ ವ್ಯವಸ್ಥೆ ಬ್ರೋಕರ್ ಆ್ಯಪ್‌ನಲ್ಲೇ ಇರುತ್ತದೆ, ಅದನ್ನು ಹಾಕಿಡಿ. ಟಿವಿಯ ಷೇರು ಚಾನೆಲ್ ಬಂದ್ ಮಾಡಿ.

ಪ್ರಶ್ನೆ: ಹೊಸದುರ್ಗದಿಂದ ಬರೆಯುತ್ತಿದ್ದೇನೆ. ಮಗಳ ಮದುವೆಗೆ ಎಂದು ಇಟ್ಟ ದುಡ್ಡು ಪೂರ್ತಿ ಷೇರಿನಲ್ಲಿದೆ. ಇನ್ನು ಎರಡು ವರ್ಷದಲ್ಲಿ ಮದುವೆ. ನಮ್ಮ ಮನೆಯವರು ತೆಗೆಯಿರಿ ಅಂತಾರೆ, ನನಗೆ ಇನ್ನೂ ಏರುತ್ತೆ ಅನಿಸುತ್ತೆ.

ಉತ್ತರ: ಮನೆಯವರ ಮಾತೇ ಸರಿ. ಷೇರು ಒಳ್ಳೆಯದೇ ಇರಬಹುದು, ಆದರೆ ಮದುವೆಯ ದಿನ ಮಾರುಕಟ್ಟೆಯ ಮೂಡ್ ಹೇಗಿರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. 2020ರ ಜನವರಿಯಲ್ಲಿ ಸೆನ್ಸೆಕ್ಸ್ 42,000 ಮುಟ್ಟಿತ್ತು, ಮಾರ್ಚ್ 23ರಂದು 25,981. ಅದೇ ವರ್ಷ ನವೆಂಬರ್‌ಗೆ ಮತ್ತೆ 42,000 ದಾಟಿತು ನಿಜ, ಆದರೆ ಏಪ್ರಿಲ್‌ನಲ್ಲಿ ದುಡ್ಡು ಬೇಕಿದ್ದವರು ನವೆಂಬರ್‌ವರೆಗೆ ಕಾಯಲು ಆಗುತ್ತಿರಲಿಲ್ಲ. ಛತ್ರದವರು, ಅಡುಗೆಯವರು, ಬಂಗಾರದ ಅಂಗಡಿಯವರು ಯಾರೂ ಸೆನ್ಸೆಕ್ಸ್ ನೋಡಿ ಬಿಲ್ ಮಾಡುವುದಿಲ್ಲ. ಮದುವೆಗೆ ಎಷ್ಟು ಬೇಕು ಎಂದು ಇಬ್ಬರೂ ಕೂತು ಬರೆಯಿರಿ. ಅಷ್ಟನ್ನು ಈ ಎರಡು ಮೂರು ತಿಂಗಳಲ್ಲಿ ತೆಗೆದು ಎಫ್‌ಡಿಗೆ ಹಾಕಿ. ವರ್ಷ ತುಂಬಿದ ಷೇರುಗಳನ್ನು ಮೊದಲು ಮಾರಿ, ತೆರಿಗೆ ಕಡಿಮೆಯಾಗುತ್ತದೆ. ಅದರ ಮೇಲೆ ಏನಾದರೂ ಉಳಿದರೆ ಅದು ಷೇರಿನಲ್ಲೇ ಇರಲಿ.